ನರಸಿಂಹಪ್ಪ ಬಲಕ್ಕೆ ಹೋದ ದಿನ

ಎಲ್ಲ ಫಜೀತಿಗೂ ಮೂಲ ‘ಫಾರಿನ್’ ಎನ್ನುವ ಒಂದು ಮಾತು.

ಶನಿವಾರ ಬೆಳಿಗ್ಗೆ ಕುಡುಮಲಕುಂಟೆಯ ಒಂದು ಕಾರ್ಖಾನೆಯಿಂದ ಜಗನ್ ಎಂಬ ಆಫೀಸರ್ ಫೋನ್ ಮಾಡಿದ. “ನರಸಿಂಹಪ್ಪನೋರೇ, ಫಾರಿನ್‌ನಿಂದ ಒಬ್ರು ಎಂಜಿನಿಯರ್ ಮೇಡಂ ಬಂದಿದಾರೆ. ಎರಡು ವರ್ಷ ಇಲ್ಲೇ ಇರ್ತಾರೆ. ಡ್ರೈವರ್ ಬೇಡ, ಕಾರು ನಾನೇ ಓಡಿಸ್ತೀನಿ ಅಂತಾರೆ. ನಮ್ಮ ರೋಡು ಸ್ವಲ್ಪ ಅಭ್ಯಾಸ ಮಾಡಿಸ್ಬೇಕು. ಮೂರು ಗಂಟೆಗೆ ಬನ್ನಿ. ಇದೊಂದು ಚೆನ್ನಾಗಿ ಆದ್ರೆ, ನಮ್ಮ ಡ್ರೈವರ್‌ಗಳಿಗೆಲ್ಲ ಟ್ರೈನಿಂಗ್ ಕೊಡೋ ಕೆಲಸ ನಿಮಗೇ. ಪರ್ಮನೆಂಟು.”

ಯಾವ ದೇಶ ಎಂದು ಕೇಳುವಷ್ಟರಲ್ಲಿ ಫೋನ್ ಕಟ್ಟಾಗಿತ್ತು.

ನರಸಿಂಹಪ್ಪ ಗೌರಿಬಿದನೂರಿನಲ್ಲಿ ಇಪ್ಪತ್ತಾರು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ. ಸ್ಕೂಲ್ ಎಂದರೆ ಒಂದು ಹಳೇ ಬಿಳಿ ಕಾರು, ಅದರ ನೆತ್ತಿಯ ಮೇಲೊಂದು ಬೋರ್ಡು, ಒಳಗೆ ಅವನು. ಊರಿನ ಅರ್ಧ ಜನರ ಕಾಲಿಗೆ ಕ್ಲಚ್ಚಿನ ಪರಿಚಯ ಮಾಡಿಸಿದವನು ಅವನೇ. ಈಚೆಗೆ ಅಣ್ಣ ತಮ್ಮಂದಿರು ಮೈದಾನದಲ್ಲಿ ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತಿದ್ದರು. ಹೋದ ತಿಂಗಳು ಸ್ಕೂಲಿಗೆ ಬಂದವರು ಇಬ್ಬರು. ಅವರಲ್ಲೊಬ್ಬರು ಪೋಸ್ಟಾಫೀಸಿಗೆ ದಾರಿ ಕೇಳಲು ಬಂದಿದ್ದರು.

ಹೆಂಡತಿ ಗಂಗುಲಮ್ಮ ಒಂದು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ದಿನಾ ನೂರೈವತ್ತು ಜನಕ್ಕೆ ಮುದ್ದೆ ತಿರುವುತ್ತಿದ್ದಳು. ಸಂಜೆ ಬಂದಾಗ ಅವಳ ಮಣಿಕಟ್ಟು ಊದಿರುತ್ತಿತ್ತು. ನರಸಿಂಹಪ್ಪ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದ. ‘ಸಾಕು ಕಣೇ, ಆ ಕೆಲಸ ಬಿಟ್ಬಿಡು’ ಎನ್ನುವ ಒಂದು ಮಾತು ಎಷ್ಟೋ ವರ್ಷದಿಂದ ಅವನ ಗಂಟಲಲ್ಲೇ ಇತ್ತು. ಇವತ್ತು ಅದು ನಾಲಿಗೆಯ ತುದಿಯವರೆಗೂ ಬಂತು.

ಫೋನಿನ ಮಾತು ಪಕ್ಕದ ಮನೆಯ ರಮೇಶ್‌ಬಾಬು ಮೇಷ್ಟ್ರಿಗೂ ಕೇಳಿಸಿತ್ತು. ರಿಟೈರಾದ ಇತಿಹಾಸದ ಮೇಷ್ಟ್ರು. ಅವರ ಗದ್ದ ಕಾಂಪೌಂಡ್ ಗೋಡೆಯ ಮೇಲೆ ಬಂದು ಕೂತಿತು.

“ಫಾರಿನ್ ಅಂದ್ಮೇಲೆ ಬಲಗಡೆ ಕಣಯ್ಯ. ಇಂಗ್ಲಿಷ್‌ನೋರು ಆಳಿದ ದೇಶಗಳಲ್ಲಿ ಎಡಗಡೆ ಓಡಿಸ್ತಾರೆ, ಮಿಕ್ಕ ಕಡೆಯೆಲ್ಲ ಬಲಗಡೆ.”

“ಅದ್ಯಾಕೆ ಮೇಷ್ಟ್ರೇ ಹಂಗೆ?”

ರಿಟೈರಾದ ಮೇಲೆ ಮೇಷ್ಟ್ರನ್ನು ಯಾರೂ ಪ್ರಶ್ನೆ ಕೇಳಿರಲಿಲ್ಲ. ಕರೆಂಟು ಬಂದ ಮನೆಯಂತೆ ಅವರ ಮುಖ ಬೆಳಗಿತು.

“ಹಿಂದೆ ಕುದುರೆ ಮೇಲೆ ಹೋಗೋನಿಗೆ ಎದುರು ಬರೋನು ಸ್ನೇಹಿತನೋ ಕಳ್ಳನೋ ಗೊತ್ತಿರ್ತಿರ್ಲಿಲ್ಲ. ಕತ್ತಿ ಹಿಡಿಯೋದು ಬಲಗೈಲಿ. ಎಡಕ್ಕೆ ಹೋದ್ರೆ ತಾನೆ ಎದುರಿನೋನು ಬಲಗೈ ಕಡೆ ಸಿಗೋದು? ಹಂಗಾಗಿ ಎಡಗಡೆ.”

“ಬಲಗಡೆಯೋರಿಗೆ ಕಳ್ಳರ ಕಾಟ ಇರ್ಲಿಲ್ವಾ?”

“ಅವರಿಗೆ ದೊಡ್ಡ ಗಾಡಿಗಳ ಕಾಟ. ಫ್ರಾನ್ಸು, ಅಮೆರಿಕಾದಲ್ಲಿ ಒಂದು ಗಾಡಿಗೆ ಆರು ಕುದುರೆ ಕಟ್ಟೋರು. ಗಾಡಿಯೋನು ಎಡಗಡೆ ಹಿಂದಿನ ಕುದುರೆ ಮೇಲೆ ಕೂರೋನು, ಬಲಗೈಲಿ ಚಾಟಿ ಬೀಸೋಕೆ. ಎಡಕ್ಕೆ ಕೂತೋನಿಗೆ ಎದುರು ಗಾಡಿ ಚಕ್ರ ತಾಕುತ್ತೋ ಇಲ್ವೋ ಕಾಣ್ಬೇಕು ಅಂದ್ರೆ ಅದು ಎಡಗಡೆಯಿಂದಲೇ ಹೋಗ್ಬೇಕು. ಅದಕ್ಕೆ ಅವರು ಬಲಕ್ಕೆ ಸರಿದ್ರು. ಸ್ವೀಡನ್‌ನಲ್ಲಂತೂ ಅರವತ್ತೇಳನೇ ಇಸವೀಲಿ ಒಂದು ಬೆಳಿಗ್ಗೆ ಇಡೀ ದೇಶವೇ ಎಡದಿಂದ ಬಲಕ್ಕೆ ಹೋಯ್ತು.”

ನರಸಿಂಹಪ್ಪನಿಗೆ ಬೆವರು ಬಂತು. ಅವನ ವಿದ್ಯಾರ್ಥಿಗಳಿಗೆ ಎಡಗಡೆಯ ಇಂಡಿಕೇಟರ್ ಸಿಗುವುದಕ್ಕೇ ಹತ್ತು ದಿನ ಬೇಕಾಗುತ್ತಿತ್ತು.

“ಹಂಗಾದ್ರೆ ಆ ಯಮ್ಮನಿಗೆ ನಮ್ಮ ರೋಡು ಕನ್ನಡೀಲಿ ನೋಡ್ದಂಗೆ ಇರುತ್ತೆ,” ಎಂದ.

“ಅದಕ್ಕೇ ಹೇಳೋದು. ಮೊದಲು ನೀನು ಬಲಗಡೆ ಓಡಿಸಿ ನೋಡು. ಅವಳ ಭಯ ನಿನಗೆ ಗೊತ್ತಾಗ್ದೆ ಹೆಂಗೆ ಕಲಿಸ್ತೀಯ?”

ಈ ಮಾತು ನರಸಿಂಹಪ್ಪನಿಗೆ ನಾಟಿತು. ಅವನು ಒಳ್ಳೆಯ ಗುರು. ಕಲಿಯುವವರ ಭಯ ಎಲ್ಲಿದೆ ಎಂದು ಮೊದಲು ಹುಡುಕುವವನು. ಸ್ಕೂಟರ್ ತೆಗೆದು, ದೇವರಿಗೆ ಕೈಮುಗಿದು, ಬೀದಿಯ ಬಲಗಡೆಗೆ ಇಳಿದ.

ಮೊದಲನೇ ತಿರುವಿನವರೆಗೆ ಏನೂ ಆಗಲಿಲ್ಲ. ತಿರುವಿನಲ್ಲಿ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಮುನಿಶಾಮಮ್ಮ ಎದುರಾದಳು. ಅಲ್ಲಿ ಸ್ಕೂಟರ್ ಬರಬಾರದೆಂದು ಅವಳಿಗೆ ಗೊತ್ತಿತ್ತು. ಸ್ಕೂಟರಿಗೂ ಗೊತ್ತಿತ್ತು. ನರಸಿಂಹಪ್ಪನ ಕೈ ಮಾತ್ರ ಕ್ಷಣ ಯೋಚಿಸಿತು. ಯೋಚನೆ ಮುಗಿದಾಗ ಅವನು ಹುಲ್ಲಿನೊಳಗಿದ್ದ, ಮುನಿಶಾಮಮ್ಮ ಹೊರೆಯನ್ನು ಬಿಟ್ಟು ಪಕ್ಕದ ಜಗಲಿಯ ಮೇಲಿದ್ದಳು.

“ಏಮಯ್ಯಾ, ನನ್ನ ಮೊಮ್ಮಗಂಗೆ ಡ್ರೈವಿಂಗ್ ಕಲಿಸಿದೋನು ನೀನೇನಾ?” ಎಂದು ಕೇಳಿದಳು ಅವಳು.

“ಪಾಠ ಓದ್ಕೊತಾ ಇದೀನಿ ಅಜ್ಜೀ,” ಎಂದ ನರಸಿಂಹಪ್ಪ, ಬಾಯಿಂದ ಹುಲ್ಲು ತೆಗೆಯುತ್ತಾ. ಹೊರೆ ಮತ್ತೆ ಕಟ್ಟಿ ಅವಳ ತಲೆ ಮೇಲಿಟ್ಟು ಮುಂದೆ ಹೋದ.

ಬಸ್ ಸ್ಟ್ಯಾಂಡಿನ ಹತ್ತಿರದ ಸರ್ಕಲ್‌ನಲ್ಲಿ ಒಂದು ಬಸ್ಸು, ಎರಡು ಆಟೋ, ಟೊಮೇಟೊ ತುಂಬಿದ ಒಂದು ಟೆಂಪೋ ಅವನ ಎದುರಿಗೆ ಬಂದು ನಿಂತವು. ಯಾರೂ ಬೈಯಲಿಲ್ಲ. ಸ್ಕೂಟರಿನ ಮೇಲಿರುವುದು ತಮ್ಮ ಗುರು ಎಂದು ಗೊತ್ತಾಗಿ ಎಲ್ಲರೂ ತಾವೇ ತಪ್ಪು ಮಾಡಿದ್ದೇವೆಂದುಕೊಂಡರು. ಟೆಂಪೋದವನು ರಿವರ್ಸ್ ಹೋದ, ಆಟೋದವರು ಬಲಕ್ಕೆ ಸರಿದರು, ಐದು ನಿಮಿಷದಲ್ಲಿ ಸರ್ಕಲ್ ಬಿಚ್ಚಲಾಗದ ಗಂಟಾಯಿತು. ಟ್ರಾಫಿಕ್ ಪೊಲೀಸ್ ಸುನೀಲ್ ಓಡಿ ಬಂದ. ಅವನೂ ಹಳೇ ವಿದ್ಯಾರ್ಥಿಯೇ.

“ಗುರುಗಳೇ,” ಎಂದ ಅವನು, ದನಿ ತಗ್ಗಿಸಿ, “ರೂಲ್ಸ್ ಏನಾದ್ರೂ ಚೇಂಜ್ ಆಯ್ತಾ? ನಮಗಿನ್ನೂ ಆರ್ಡರ್ ಬಂದಿಲ್ಲ.”

ನರಸಿಂಹಪ್ಪ ತಲೆ ತಗ್ಗಿಸಿಕೊಂಡು ಸ್ಕೂಟರ್ ತಳ್ಳುತ್ತಾ ಮನೆಗೆ ಬಂದ.

ಅಷ್ಟರಲ್ಲಿ ಸುದ್ದಿ ಹಾಸ್ಟೆಲ್ಲಿನವರೆಗೂ ಹೋಗಿತ್ತು. ಗಂಗುಲಮ್ಮ ಮಧ್ಯಾಹ್ನದ ಅಡುಗೆ ಮುಗಿಸಿ, ರಜೆ ಹೇಳಿ ಬಂದಿದ್ದಳು. ಗಂಡನ ಕಿವಿಯ ಹಿಂದೆ ಉಳಿದಿದ್ದ ಹುಲ್ಲಿನ ಎಸಳು ತೆಗೆದು, ಊಟಕ್ಕೆ ಬಡಿಸಿ, ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತಳು.

“ನೀನ್ಯಾಕೆ?”

“ಒಬ್ಬರನ್ನೇ ಕಳಿಸೋಕೆ ಧೈರ್ಯ ಇಲ್ಲ. ನಡೀರಿ.”

ಕುಡುಮಲಕುಂಟೆಯ ದಾರಿಯುದ್ದಕ್ಕೂ ನರಸಿಂಹಪ್ಪನ ಕೈಗಳು ಅವನ ಮಾತು ಕೇಳಲಿಲ್ಲ. ಎಡಕ್ಕೆ ಎಂದುಕೊಂಡರೆ ಬಲಕ್ಕೆ ಹೋಗುತ್ತಿದ್ದವು. ಹಿಂದಿನಿಂದ ಗಂಗುಲಮ್ಮ ಕೈ ತೋರಿಸುತ್ತಾ ಮೆಲ್ಲಗೆ ಹೇಳುತ್ತಲೇ ಇದ್ದಳು: “ಎಡಕ್ಕೆ ಬನ್ನಿ. ಹಾಂ, ಸಾಕು. ಮುಂದೆ ಲಾರಿ ಇದೆ, ಬ್ರೇಕು. ಈಗ ಇಂಡಿಕೇಟರ್ ಹಾಕಿ. ಅದಲ್ಲ, ಅದು ವೈಪರ್.”

ಕಾರ್ಖಾನೆಯ ಗೇಟಿನೊಳಗೆ ತಿರುಗುವಾಗ ಮಾತ್ರ ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಕಾರು ನೇರ ಬಲಗಡೆಗೆ ನುಗ್ಗಿ, ಒಳಗಿನಿಂದ ಬರುತ್ತಿದ್ದ ಒಂದು ನೀಲಿ ಕಾರಿನ ಮೂತಿಗೆ ಮೂತಿ ಕೊಟ್ಟು ನಿಂತಿತು. ಎರಡರ ನಡುವೆ ಒಂದು ಗೇಣು ಜಾಗ.

ನೀಲಿ ಕಾರಿನಲ್ಲಿ ಕತ್ತರಿಸಿದ ಕೂದಲಿನ, ಚಿಕ್ಕ ಕಣ್ಣಿನ, ಸುಮಾರು ನಲವತ್ತರ ಹೆಂಗಸು. ನರಸಿಂಹಪ್ಪನಿಗೆ ಒಮ್ಮೆಲೇ ಎಲ್ಲ ಅರ್ಥವಾಯಿತು. ಇವರೇ ಫಾರಿನ್ ಮೇಡಂ. ಪಾಪ, ಪಕ್ಕ ತಪ್ಪಿ ಬಂದಿದ್ದಾರೆ. ಇಳಿದು ಹೋಗಿ, ಇಪ್ಪತ್ತಾರು ವರ್ಷದ ಅನುಭವದ ಮೃದುವಾದ ದನಿಯಲ್ಲಿ ಹೇಳಿದ:

“ಮೇಡಂ, ರಾಂಗ್ ಸೈಡ್. ಡೋಂಟ್ ವರಿ. ಐ ಟೀಚ್.”

ಮೇಡಂ ರಸ್ತೆ ನೋಡಿದರು, ತಮ್ಮ ಕಾರು ನೋಡಿದರು. ಕೂತಲ್ಲೇ ತಲೆಬಾಗಿ ‘ಸಾರಿ’ ಎಂದರು. ಆಮೇಲೆ ನರಸಿಂಹಪ್ಪನ ಮನಸ್ಸಿಗೆ ನೋವಾಗಬಾರದೆಂಬಂತೆ, ಹಿಂದಕ್ಕೆ ಸರಿದು, ಜಾಗರೂಕತೆಯಿಂದ ತಪ್ಪು ಪಕ್ಕಕ್ಕೆ ಹೋಗಿ ನಿಂತರು. ಆ ಪಕ್ಕದಲ್ಲಿ ಗೇಟಿನೊಳಗೆ ಬರುತ್ತಿದ್ದ ಸಾಮಾನಿನ ಲಾರಿ ಕೀರಲು ದನಿಯಲ್ಲಿ ಬ್ರೇಕು ಹಾಕಿತು.

ಜಗನ್ ಆಫೀಸಿನಿಂದ ಓಡಿ ಬಂದ.

“ಏನ್ರೀ ಮಾಡ್ತಿದೀರ? ಮೇಡಂ ಸರಿಯಾಗೇ ಬರ್ತಿದ್ರಲ್ರೀ.”

“ಫಾರಿನ್ ಅಂದ್ರಲ್ಲ ಸಾರ್. ಅವರ ದೇಶದಲ್ಲಿ ಬಲಗಡೆ—”

“ಚಿಹಾರು ಮೇಡಂದು ಜಪಾನ್ ಕಣ್ರೀ. ಅವರದೂ ಎಡಗಡೆನೇ, ನಮ್ಮ ಹಂಗೆ.”

“ಜಪಾನನ್ನ ಇಂಗ್ಲಿಷ್‌ನೋರು ಯಾವಾಗ ಆಳಿದ್ರು ಸಾರ್?” ಎಂದು ಕೇಳಿದ ನರಸಿಂಹಪ್ಪ. ದನಿ ಅಳುವಂತಿತ್ತು.

ಜಗನ್ ಇಂಗ್ಲಿಷಿನಲ್ಲಿ ಕೇಳಿದ. ಚಿಹಾರು ಮೇಡಂ ಕಾರಿನಿಂದಿಳಿದು ಬಂದು, ಎಡಸೊಂಟದಲ್ಲಿ ಇಲ್ಲದ ಕತ್ತಿಯೊಂದನ್ನು ತೋರಿಸಿದರು. “ಯಾರೂ ಆಳಿಲ್ವಂತೆ,” ಎಂದು ಜಗನ್ ಕನ್ನಡಕ್ಕೆ ತಂದ. “ಅವರ ಹಳೇ ಸೈನಿಕರು ಕತ್ತೀನ ಎಡಗಡೆ ಕಟ್ಕೊಳೋರಂತೆ. ಬಲಕ್ಕೆ ಹೋದ್ರೆ ಎದುರಿನೋನ ಕತ್ತಿಗೆ ತಗಲಿ ಜಗಳ ಆಗೋದಂತೆ. ಅದಕ್ಕೆ ಎಡಗಡೆ ಹೋಗೋರು ಅಂತ ಅವರಜ್ಜ ಹೇಳೋರಂತೆ.”

ನರಸಿಂಹಪ್ಪ ಎರಡು ಕಾರುಗಳ ಮೂತಿ ನೋಡುತ್ತಾ ನಿಂತ. ಜಗನ್‌ಗೂ ಕನಿಕರವಾಯಿತು. “ಮೇಡಂಗೆ ಟ್ರೈನಿಂಗ್ ಬೇಕಾಗಿಲ್ಲ ಅಂತ ಈಗ ಗೊತ್ತಾಯ್ತಲ್ಲ. ಇನ್ನು ಆ ಟ್ರೈನರ್ ಕೆಲಸ... ನಮ್ಮ ಡ್ರೈವರ್‌ಗಳೆಲ್ಲ ಇದನ್ನ ನೋಡಿಬಿಟ್ರು, ನರಸಿಂಹಪ್ಪನೋರೇ. ಏನು ಮಾಡ್ಲಿ?”

ಗಂಗುಲಮ್ಮ ಕಾರಿನಿಂದಿಳಿದು ಗಂಡನ ಪಕ್ಕಕ್ಕೆ ಬಂದು ನಿಂತಳು. “ನಮ್ಮೋರ ತಪ್ಪಲ್ಲ ಸಾರ್. ಮೇಡಂ ಭಯ ಏನು ಅಂತ ತಿಳ್ಕೊಳೋಕೆ ಬೆಳಗ್ಗೆಯಿಂದ ಬಿದ್ದೂ ಎದ್ದೂ ಒದ್ದಾಡಿದಾರೆ. ಇಷ್ಟು ಒದ್ದಾಡೋ ಮೇಷ್ಟ್ರು ನಿಮಗೆ ಸಿಗಲ್ಲ.”

ನರಸಿಂಹಪ್ಪ ಅವಳ ಮುಖ ನೋಡಲಾರದೆ ನೆಲ ನೋಡಿದ. ಜಗನ್ ಆ ಮಾತನ್ನು ಮೇಡಂಗೆ ಹೇಳಿದ. ಅವರು ಏನೋ ಕೇಳಿದರು.

“ದಾರೀಲಿ ಇವರಿಗೆ ರೋಡು ಹೇಳ್ಕೊಂಡು ಬಂದೋರು ನೀವೇನಾ ಅಂತ ಕೇಳ್ತಿದಾರೆ,” ಎಂದ ಜಗನ್. “ಕಾರು ಗೇಟಿನ ಹತ್ತಿರ ಬರ್ತಿದ್ದಾಗ ಗಾಜಿನಾಚೆ ನಿಮ್ಮ ಕೈ ಆಡ್ತಿದ್ದಿದ್ದು ಕಾಣಿಸ್ತಂತೆ.”

“ಹೌದು. ಬ್ರೇಕು, ಗೇರು ಎಲ್ಲ ಗೊತ್ತು. ಹಿಂದೆ ಕೂತೂ ಕೂತೂ ಕಲಿತಿದ್ದು. ಮುಂದೆ ಕೂತಿಲ್ಲ, ಅಷ್ಟೇ.”

ಮೇಡಂ ಜಗನ್ ಜತೆ ಸ್ವಲ್ಪ ಹೊತ್ತು ಮಾತಾಡಿದರು. ಜಗನ್ ತಲೆ ಕೆರೆದುಕೊಂಡ. “ಅಮ್ಮಾ, ನಮ್ಮ ಹೆಣ್ಣುಮಕ್ಕಳ ಶಿಫ್ಟಿನ ವ್ಯಾನಿಗೆ ಹೆಂಗಸು ಡ್ರೈವರ್ ಬೇಕು ಅಂತ ಮೂರು ತಿಂಗಳಿಂದ ಹುಡುಕ್ತಿದೀವಿ. ಲೈಸೆನ್ಸ್ ಮಾಡಿಸ್ಕೊಂಡು ಬಂದ್ರೆ ಮೊದಲನೇ ಹೆಸರು ನಿಮ್ಮದೇ ಬರ್ಕೋ ಅಂತಾರೆ ಮೇಡಂ. ಕಲಿಸೋರು ಯಾರಾದ್ರೂ ಇದಾರಾ?”

ಗಂಗುಲಮ್ಮ ಗಂಡನ ಕಡೆ ತಿರುಗಿದಳು.

ವಾಪಸ್ ಹೋಗುವಾಗ ಗೇಟಿನಿಂದ ಸ್ವಲ್ಪ ಮುಂದೆ, ಯಾರೂ ಇಲ್ಲದ ರಸ್ತೆಯಲ್ಲಿ, ಅವಳು ಕಾರು ನಿಲ್ಲಿಸಲು ಹೇಳಿ ಕೆಳಗಿಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಟಿಯರಿಂಗ್ ಕಡೆಯ ಬಾಗಿಲು ತೆಗೆದಳು.

“ಸರೀರಿ ಆ ಕಡೆಗೆ.”

“ಈವತ್ತೇನಾ?”

“ಸೋಮವಾರ ಹಾಸ್ಟೆಲ್ಲಿಗೆ ಹೇಳ್ಬಿಡ್ತೀನಿ, ಬೇರೆಯೋರನ್ನ ನೋಡ್ಕೊಳಿ ಅಂತ.”

ಇಷ್ಟು ವರ್ಷ ಅವನು ಗಂಟಲಲ್ಲಿಟ್ಟುಕೊಂಡಿದ್ದ ಮಾತನ್ನು ಅವಳೇ ಆಡಿ ಮುಗಿಸಿದ್ದಳು. ನರಸಿಂಹಪ್ಪನಿಗೆ ಆಡಲು ಉಳಿದಿದ್ದು ಪಾಠ ಮಾತ್ರ. ಆ ತಿಂಗಳ ಮೊದಲನೇ ವಿದ್ಯಾರ್ಥಿನಿ, ಫೀಸಿನ ಮಾತೇ ಎತ್ತದವಳು, ಕೀ ತಿರುಗಿಸಿದಳು.

“ಕ್ಲಚ್ ಒತ್ತು,” ಎಂದ ಅವನು. “ಕನ್ನಡಿ ನೋಡು. ಮೆಲ್ಲಗೆ ಹೊರಡು. ಬಲಕ್ಕೆ ಇರು.”

“ಎಡಕ್ಕೆ ರೀ,” ಎಂದು ಗಂಗುಲಮ್ಮ ತಿದ್ದಿ, ಕಾರು ಹೊರಡಿಸಿದಳು.