ಪಾದ ಮುಟ್ಟಲು ಪರವಾನಗಿ

ನಮ್ಮ ಕಾಕಾನ ಕಾಲಿಗೆ ಬೀಳಬೇಕಾದರೆ ಸರಕಾರದ ಪರವಾನಗಿ ಬೇಕಾಗಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ! ಮೊದಲು ನಾನೂ ನಂಬಿರಲಿಲ್ಲ. ಬಿ.ಎ. ಓದಲೆಂದು ಉಣಕಲ್ಲಿನ ಅವರ ಮನೆಗೆ ಟ್ರಂಕು ಹೊತ್ತು ಬಂದ ದಿನ, ಒಳ್ಳೆಯ ಮನೆತನದ ಹುಡುಗನಂತೆ ಬಗ್ಗಿ ಅವರ ಪಾದಕ್ಕೆ ಕೈ ಚಾಚಿದೆ. ಕಾಕಾ ಹಾವು ಕಂಡವರಂತೆ ಹಿಂದಕ್ಕೆ ಹಾರಿದರು.

"ಏ, ನಿಂದರು! ಪರವಾನಗಿ ಐತೇನು?"

"ಯಾವುದರದು, ಕಾಕಾ?"

"ಕಾಲು ಮುಟ್ಟೂದಕ್ಕ! ಮುಟ್ಟೂದು ಅಂದ್ರ ಪರೀಕ್ಷಾ ಮಾಡಿದಂಗ. ಪರೀಕ್ಷಾ ಅಂದ್ರ ಚಿಕಿತ್ಸಾದ ಮೊದಲನೇ ಭಾಗ. ನೀ ಏನು ಪಾದವೈದ್ಯ ಏನು?"

ಒಳಗಿನಿಂದ ಕಾಕಾನ ಹೆಂಡತಿ, ನಮ್ಮ ಕಾಕುವಿನ ದನಿ ಬಂತು: "ಅಲ್ಲೇ ದೂರ ನಿಂತು ಕೈ ಮುಗಿಯೋ ತಮ್ಮಾ. ಈ ಮನ್ಯಾಗ ದೇವರ ಪಾದಾ ಮುಟ್ಟಬಹುದು, ಇವರ ಪಾದಾ ಮುಟ್ಟಂಗಿಲ್ಲ!"

ಕಾಕಾ ಧಾರವಾಡದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ವೈದ್ಯರ ಅರ್ಜಿ, ಪರವಾನಗಿ, ನವೀಕರಣ ಇವೇ ಅವರ ಅನ್ನ ಮತ್ತು ಸಾರು. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದ ಹೊಸತು. ಯಾವ ಕಾಯ್ದೆ ಸತ್ತಿದೆ, ಯಾವುದು ಇನ್ನೂ ಉಸಿರಾಡುತ್ತಿದೆ ಎಂಬುದು ಯಾರಿಗೂ ಖಚಿತವಿರಲಿಲ್ಲ. ಇಂಥ ಹೊತ್ತಿನಲ್ಲಿ, ನಾನು ಬರುವುದಕ್ಕೆ ಸ್ವಲ್ಪ ಮೊದಲು, ಒಂದು ಸಂಜೆ ಕಾಕಾ ಚುರುಮುರಿ ತಿಂದರು. ಚುರುಮುರಿ ಮುಗಿಯಿತು, ಪೊಟ್ಟಣದ ಕಾಗದ ಉಳಿಯಿತು. ಯಾವುದೋ ಇಂಗ್ಲಿಷ್ ಪತ್ರಿಕೆಯ ಹಾಳೆ. ಅಮೆರಿಕೆಯಲ್ಲಿ ಕಾಲಿಗೇ ಬೇರೆ ವೈದ್ಯರಿದ್ದಾರಂತೆ; ಒಂದೊಂದು ರಾಜ್ಯದಲ್ಲೂ ಅವರಿಗೊಂದು ಮಂಡಳಿಯಂತೆ; ಪರೀಕ್ಷೆ ಪಾಸಾಗಿ ಪರವಾನಗಿ ಪಡೆಯದೆ ಇನ್ನೊಬ್ಬರ ಕಿರುಬೆರಳಿನ ಆಣಿಯನ್ನೂ ಕೆತ್ತುವಂತಿಲ್ಲವಂತೆ! ಆ ವೈದ್ಯರ ಅಧಿಕಾರ ಕಾಲಿನಲ್ಲಿ ಎಲ್ಲಿಯವರೆಗೆ ಎಂದು ಹೇಳುವ ವಾಕ್ಯ ಶುರುವಾಗುವಷ್ಟರಲ್ಲಿ ಕಾಗದ ಹರಿದಿತ್ತು.

ನಮ್ಮ ಮನೆಯ ನೆಮ್ಮದಿಯೂ ಅಲ್ಲಿಯೇ ಹರಿಯಿತು.

"ಹಲ್ಲಿನ ಡಾಕ್ಟರಗ ರಜಿಸ್ಟರ್ ಐತಿ. ಕಣ್ಣಿಗೆ ಬ್ಯಾರೆ ದವಾಖಾನಿ ಐತಿ. ಇಡೀ ದೇಹಾ ಹೊತ್ತು ತಿರುಗೂ ಕಾಲಿಗೆ ಏನೈತಿ? ಚಪ್ಪಲಿ!" ಎಂದು ಕಾಕಾ ಊಟದ ತಟ್ಟೆಯ ಮುಂದೆ ಗುಡುಗುತ್ತಿದ್ದರು.

ಹರಿದುಹೋದ ವಾಕ್ಯವನ್ನು ಪೂರ್ತಿ ಮಾಡುವ ಭಾರ ತಮ್ಮ ಮೇಲೇ ಬಿದ್ದಿದೆ ಎಂದು ಅವರು ತಿಳಿದರು. ಪಾದ ಎಲ್ಲಿ ಮುಗಿಯುತ್ತದೆ? ಕಾಲು ಎಲ್ಲಿ ಶುರುವಾಗುತ್ತದೆ? ನೀವೆಂದಾದರೂ ಯೋಚಿಸಿದ್ದೀರಾ? ಕಾಕಾ ವಾರಗಟ್ಟಲೆ ಯೋಚಿಸಿ, ಕೊನೆಗೆ ಒದ್ದೆಯಾದರೆ ನೇರಳೆ ಮೂಡಿಸುವ ಕಚೇರಿಯ ಕಾಪಿಂಗ್ ಪೆನ್ಸಿಲನ್ನು ನಾಲಗೆಗೆ ಹಚ್ಚಿ, ತಮ್ಮ ಎಡಗಾಲಿನ ಹರಡಿನ, ಅಂದರೆ ಪಾದ ಕಾಲಿಗೆ ಕೂಡುವ ಗಂಟಿನ, ಸುತ್ತ ನೇರಳೆ ಗೆರೆಯೊಂದನ್ನು ಎಳೆದರು.

"ಇದರ ಕೆಳಗ ಪಾದ ಮಂಡಳಿ. ಮ್ಯಾಲೆ ವೈದ್ಯ ಮಂಡಳಿ."

"ಬ್ಯಾನಿ ಗೆರಿ ಮ್ಯಾಲೇ ಬಂತಂದ್ರ?" ಎಂದೆ ನಾನು.

"ಜಂಟಿ ಸಮಿತಿ!"

ಪಾದ ಮಂಡಳಿ ಬೇಕೆಂದು ಬೆಂಗಳೂರಿಗೆ ಅರ್ಜಿ ಹೋಯಿತು. ಬಹಳ ದಿನಗಳ ಮೇಲೆ ಉತ್ತರ ಬಂತು: ಪಾದ ಸಂಬಂಧದ ಅರ್ಜಿಯನ್ನು ಚರ್ಮ ಕೈಗಾರಿಕೆ ನೋಡಿಕೊಳ್ಳುವ ವಿಭಾಗಕ್ಕೆ ಕಳಿಸಲಾಗಿದೆ! ಬೇರೆಯವರಾಗಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ಕಾಕಾ ನನ್ನ ಬೆನ್ನು ತಟ್ಟಿದರು. "ನೋಡು, ಚರ್ಮದ ತನಕಾ ಮುಟ್ಟೈತಿ. ಇನ್ನ ಒಳಗ ಇಳೀಬೇಕು ಅಷ್ಟ!"

ಮಂಡಳಿ ಬರುವವರೆಗೆ ಊರು ಅನಾಥವಾಗಬಾರದಲ್ಲ? ಹಾಗಾಗಿ ರವಿವಾರಗಳಂದು ಕಾಕಾ ತಾವೇ ಮಂಡಳಿಯಾಗಿ ತಿರುಗುತ್ತಿದ್ದರು. ದುರ್ಗದಬೈಲಿನ ಮೂಲೆಯಲ್ಲಿ ಒಬ್ಬ ಮನುಷ್ಯ ಕೊಂಬಿನ ಕೊಳವೆ ಇಟ್ಟು ಜನರ ಕಾಲಿನ ಆಣಿ ಹೀರಿ ತೆಗೆಯುತ್ತಿದ್ದ. ಕಾಕಾ ಅವನೆದುರು ಕೊಡೆ ಊರಿ ನಿಂತು "ಪರವಾನಗಿ ತೋರಸು" ಎಂದರು. ಮುನಸಿಪಾಲಿಟಿಯ ಸಾಹೇಬರೇ ಬಂದರೆಂದು ಬೆದರಿದ ಅವನು ಓಡಿಹೋಗಿ ತನ್ನ ಸೈಕಲ್ಲಿನ ಪರವಾನಗಿ ಬಿಲ್ಲೆಯನ್ನೇ ಕಿತ್ತು ತಂದು ಕೈಗಿಟ್ಟ.

"ಇದು ಗಾಲಿದಪ್ಪಾ. ನಾ ಕೇಳಿದ್ದು ಕಾಲಿಂದು!"

"ಸಾಹೇಬ್ರ, ಗಾಲೀದ ಇಷ್ಟ ತ್ರಾಸಿಲೆ ಸಿಕ್ಕೈತ್ರಿ. ಕಾಲಿಂದು ಯಾರು ಕೊಡ್ತಾರ, ಹೇಳ್ರಿ, ಈಗಿಂದೀಗ ಹೋಗ್ತೇನಿ."

ಯಾರೂ ಕೊಡುವುದಿಲ್ಲ ಎಂಬುದೇ ಕಾಕಾನ ಎದೆಯ ನೋವಲ್ಲವೇ? ಪಾಪ, ಅವನ ಹತ್ತಿರವೇ ಕುಳಿತು ಚಹ ಕುಡಿದು ಬಂದರು.

ಆದರೆ ಊರೆಲ್ಲ ಹುಡುಕಿದ ಅಪರಾಧಿ ಅವರ ಮನೆಯಲ್ಲೇ ಇದ್ದಳು. ಅವಳೇ ನಮ್ಮ ಕಾಕು! ಅವಳು ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಕಾಲಿನಿಂದ ಮೆಲ್ಲಗೆ ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಹೀಗಾಗಿ ಬೆಳಗಾದರೆ ಹಿತ್ತಲ ಬಾಗಿಲಿಗೆ ಡೊಂಕಾದ ಜನ. ಗಬ್ಬೂರದಿಂದ ಬಂದವರು, ಶಿರಗುಪ್ಪಿಯಿಂದ ಬಂದವರು. ಕಾಕು ಸೆರಗು ಸಿಕ್ಕಿಸಿ, ಗೋಡೆ ಹಿಡಿದು, ಎಡಗಾಲಿನಿಂದ ಒಂದು ಒದೆ ಕೊಟ್ಟು, "ಹೋಗ್ರಿ, ಛಲೋ ಆಗತೈತಿ" ಎನ್ನುತ್ತಿದ್ದಳು. ಅರ್ಧ ಜನಕ್ಕೆ ಖರೇನೇ ಛಲೋ ಆಗುತ್ತಿತ್ತು. ಉಳಿದರ್ಧ ಜನ ಇನ್ನೊಂದು ಒದೆಗೆ ಬರುತ್ತಿದ್ದರು.

ಕಾನೂನಿನ ತೊಡಕು ನೋಡಿ! ಇದು ಪಾದಕ್ಕೆ ಮಾಡುವ ಚಿಕಿತ್ಸೆಯಲ್ಲ, ಪಾದದಿಂದ ಮಾಡುವ ಚಿಕಿತ್ಸೆ. ಯಾವ ಮಂಡಳಿಯ ಕೆಳಗೆ ಬರುತ್ತದೆ?

"ಇತ್ಯರ್ಥ ಆಗೂ ತನಕಾ ನೀ ಕಾಲು ಎತ್ತಬ್ಯಾಡ" ಎಂದು ಕಾಕಾ ಆಜ್ಞೆ ಮಾಡಿದರು.

"ಹುಟ್ಟೂ ಮುಂದ ಯಾರ ಪರವಾನಗಿ ಕೇಳಿ ಕಾಲು ಮುಂದ ಮಾಡೀನ್ರಿ ನಾನು?" ಕಾಕು ಸೌಟು ಹಿಡಿದೇ ಹೊರಗೆ ಬಂದಳು. "ಹೆಣ್ಣು ನೋಡಾಕ ಬಂದಾಗ ಕೇಳಬೇಕಿತ್ತು, ಹುಡುಗಿ ತಲಿ ಮುಂದೋ ಕಾಲು ಮುಂದೋ ಅಂತ. ಆವಾಗ ಬರೇ ಹಾಡು ಕೇಳಿ ಎದ್ದು ಹೋದ್ರಿ!"

ಇಂಥ ಮನೆಯಲ್ಲಿ ಬಿ.ಎ. ಓದುವುದು ಸುಲಭವೇ?

ಒಂದು ಸಂಜೆ ಕಾಕಾ ಕಚೇರಿಯಿಂದ ಬಂದಾಗ ಅವರ ಬಲಗಾಲಲ್ಲಿ ಚಪ್ಪಲಿ ಇತ್ತು, ಎಡಗಾಲಲ್ಲಿ ಇರಲಿಲ್ಲ. ಬಸ್ಸಿಳಿದು ಜಲ್ಲಿಕಲ್ಲಿನ ರಸ್ತೆಯಲ್ಲಿ ಹಾಗೆಯೇ ನಡೆದು ಬಂದಿದ್ದರು.

"ಇನ್ನೊಂದು ಎಲ್ರೀ?" ಎಂದಳು ಕಾಕು.

ಕಾಕಾ ಕೆಳಗೆ ನೋಡಿದರು. ಒಂದು ಕ್ಷಣ ನೋಡುತ್ತಲೇ ಇದ್ದರು. ಆಮೇಲೆ ತಲೆಯೆತ್ತಿ, "ಅದರ ಪರವಾನಗಿ ಮುಗಿದಿತ್ತು, ಬಿಟ್ಟು ಬಂದೆ" ಎಂದರು.

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಾಕಾನೂ ನಕ್ಕರು.

ಇನ್ನು ಆ ರವಿವಾರದ ಬೆಳಗಿಗೆ ಬರುತ್ತೇನೆ. ಅದನ್ನು ಬರೆಯಲು ಕುಳಿತಾಗಲೆಲ್ಲ ಎದ್ದು ನೀರು ಕುಡಿದು ಬಂದಿದ್ದೇನೆ. ಈಗಲೂ ಬಸ್ಸಿಗೆ ಕಾಯುವಾಗ, ಕ್ಷೌರ ಮಾಡಿಕೊಳ್ಳುವಾಗ, ಸುಮ್ಮನೆ ಅದು ಮೊದಲಿನಿಂದ ಕಣ್ಣ ಮುಂದೆ ಶುರುವಾಗಿಬಿಡುತ್ತದೆ.

ಪಡಸಾಲೆಯಲ್ಲಿ ಕಾಕು ಚಹಕ್ಕೆಂದು ಇದ್ದಿಲ ಶೇಗಡಿ ಹೊತ್ತಿಸಿ ಬೀಸುತ್ತಿದ್ದಳು. ಶಿರಗುಪ್ಪಿಯ ರೈತನೊಬ್ಬ ಸೊಂಟ ಹಿಡಿದು, ಎರಡಾಗಿ ಮಡಿಚಿಕೊಂಡು, ಮುಂಬಾಗಿಲಿಂದಲೇ ಒಳಗೆ ಬಂದ. ಸ್ನಾನ ಮುಗಿಸಿ ಬರಿಗಾಲಲ್ಲಿ ಬಂದ ಕಾಕಾ ಅವನಿಗೂ ಕಾಕುವಿಗೂ ನಡುವೆ ನಿಂತುಬಿಟ್ಟರು. ಬೀಸುವ ರಭಸಕ್ಕೆ ಒಂದು ಕೆಂಡ ಸಿಡಿದು ನೆಲದ ಮೇಲೆ ಉರುಳಿತು. ನಾನು ಪುಸ್ತಕದಿಂದ ತಲೆಯೆತ್ತಿ ನೋಡಿದೆ. ಅದು ಉರುಳಿದ್ದನ್ನು ನೋಡಿದೆ. ಎಲ್ಲಿ ನಿಂತಿತು ಎಂಬುದು ಕಾಣಲಿಲ್ಲ.

"ಈ ಚಿಕಿತ್ಸಾಕ್ಕ ಸರಕಾರದ ಮಾನ್ಯತಾ ಇಲ್ಲ" ಎಂದು ಕಾಕಾ ಭಾಷಣ ಶುರು ಮಾಡಿದರು. "ಮೊದಲು ಮಂಡಳಿ, ಆಮ್ಯಾಲೆ ಪರೀಕ್ಷಾ, ಆಮ್ಯಾಲೆ ಪರವಾನಗಿ..."

ರೈತ ಬಗ್ಗಿಯೇ ಇದ್ದುದರಿಂದ ಅವನ ಕಣ್ಣು ನೆಲದ ಮೇಲಿತ್ತು. "ಸಾಹೇಬ್ರ, ನಿಮ್ಮ ಕಾಲಾಗ ಹೊಗಿ ಬರಾಕತ್ತೈತ್ರಿ" ಎಂದ.

"ವಿಷಯಾ ಬದಲ್ ಮಾಡಬ್ಯಾಡ!" ಎಂದರು ಕಾಕಾ.

ಅವರ ಎಡಹಿಮ್ಮಡಿಯ ಕೆಳಗಿಂದ ನೂಲಿನಷ್ಟು ತೆಳ್ಳಗೆ ಹೊಗೆ ಏಳುತ್ತಿತ್ತು. ವಾಸನೆ ಬಂತು. ಕಾಕಾನ ಮುಖದಲ್ಲಿ ನೋವಿನ ಒಂದು ಗೆರೆಯೂ ಇರಲಿಲ್ಲ. ಬೆರಳೆತ್ತಿ ಕಾಯ್ದೆ ಹೇಳುತ್ತಲೇ ಇದ್ದರು. ಆ ರೈತನೇ ಹಾರಿ ಬಂದು ಅವರ ಎದೆಗೆ ಎರಡೂ ಕೈ ಕೊಟ್ಟು ನೂಕಿದ. ಕಾಕಾ ನನ್ನ ಮೇಲೆ ಬಿದ್ದರು. ನಾನು ಪುಸ್ತಕಗಳ ಮೇಲೆ ಬಿದ್ದೆ. ಕೆಂಡ ಅವರ ಹಿಮ್ಮಡಿಗೆ ಅಂಟಿಕೊಂಡೇ ಮೇಲೆ ಬಂತು. ಕಾಕು ಅದನ್ನು ಬರಿಗೈಯಿಂದ ತಟ್ಟಿ ಬೀಳಿಸಿದಳು.

ರೈತ ನೆಟ್ಟಗೆ ನಿಂತಿದ್ದ! ಅವನ ಸೊಂಟ ಬಿಟ್ಟಿತ್ತು. ಆ ಗಡಿಬಿಡಿಯಲ್ಲಿ ಅದನ್ನು ಅವನೂ ಗಮನಿಸಲಿಲ್ಲ, ನಾವೂ ಗಮನಿಸಲಿಲ್ಲ. ಟಾಂಗಾ ತರಲು ಅವನೇ ಓಡಿದ.

ದವಾಖಾನೆಯಲ್ಲಿ ಡಾಕ್ಟರು ಕಾಕಾಗೆ ಕಣ್ಣು ಮುಚ್ಚಲು ಹೇಳಿ, "ಸೂಜಿ ಚುಚ್ಚಿದ ಕೂಡಲೇ ಹೇಳ್ರಿ" ಎಂದರು. ಕಾಕಾ ಕಣ್ಣು ಮುಚ್ಚಿ ಕಾದರು. "ಚುಚ್ಚ್ರಿ, ನಾ ಏನು ಹೆದರಂಗಿಲ್ಲ" ಎಂದರು. ಸೂಜಿ ಆಗಲೇ ಅವರ ಕಾಲಿನ ಹೆಬ್ಬೆರಳಲ್ಲಿ ನಿಂತಿತ್ತು.

ಸಕ್ಕರೆ ಕಾಯಿಲೆ ಎಂದು ತಿಳಿಯಿತು. ಕಾಲಿನ ಅರಿವೆಲ್ಲ ಅದು ಯಾವಾಗಲೋ ತಿಂದು ಹಾಕಿತ್ತು. ನಾಲ್ಕು ದಿನ ಕಳೆಯುವುದರೊಳಗೆ ಗಾಯ ಕೀವಾಗಿ, ಕೆಂಪು ಮೇಲೇರತೊಡಗಿತು. ಡಾಕ್ಟರು ಕಾಕಾನ ಕಿಸೆಯಲ್ಲಿದ್ದ ಕಾಪಿಂಗ್ ಪೆನ್ಸಿಲನ್ನೇ ತೆಗೆದುಕೊಂಡು ಕೆಂಪು ಎಲ್ಲಿಯವರೆಗೆ ಏರಿತ್ತೋ ಅಲ್ಲಿ ಒಂದು ಗೆರೆ ಎಳೆದರು. ಸರಿಯಾಗಿ ಹರಡಿನ ಸುತ್ತ! "ಇದನ್ನ ದಾಟಿ ಮ್ಯಾಲೆ ಹೋತಂದ್ರ ಕಾಲು ತಗೀಬೇಕಾಗತೈತಿ" ಎಂದರು.

ಕಾಕಾ ಆ ನೇರಳೆ ಗೆರೆಯನ್ನು ನೋಡಿ, "ಅಂದ್ರ ಗಡಿ ಹರಡೇ ಅಂತ ನೀವೂ ಒಪ್ಪಿದಂಗಾತು!" ಎಂದು ಗೆದ್ದವರಂತೆ ನಮ್ಮತ್ತ ತಿರುಗಿದರು. ಯಾರೂ ನಗಲಿಲ್ಲ.

ಆಮೇಲೆ ಪೆನಿಸಿಲಿನ್ ಸೂಜಿ, ಪಥ್ಯ, ದಿನಾಲೂ ಗಾಯ ತೊಳೆಯುವುದು. ಮೊದಲ ದಿನ ಕಾಕು ಬಿಸಿನೀರಿನ ಬೋಗುಣಿ ಇಟ್ಟುಕೊಂಡು ಕೈ ಚಾಚಿದಾಗ ಕಾಕಾ ಅಭ್ಯಾಸಬಲದಿಂದ ಕಾಲು ಹಿಂದೆಳೆದುಕೊಂಡು ಬಾಯಿ ತೆರೆದರು.

"ಪರವಾನಗಿ ಅಂತ ಏನಾರ ಅಂದ್ರ ನೋಡ್ರಿ," ಎಂದಳು ಕಾಕು, "ಒದ್ದೇಬಿಡ್ತೇನಿ."

ಕಾಕಾ ಬಾಯಿ ಮುಚ್ಚಿ ಕಾಲು ಕೊಟ್ಟರು. ಅವಳು ದಿನಾ ಬೆಳಿಗ್ಗೆ ಮೊದಲು ಆ ಗೆರೆ ನೋಡುತ್ತಿದ್ದಳು, ಆಮೇಲೆ ದೇವರ ಕಡೆ ನೋಡುತ್ತಿದ್ದಳು. ನಾನು ಕಾಲೇಜಿಗೆ ಹೊರಡುವ ಮುನ್ನ ಬಾಗಿಲಲ್ಲಿ ನಿಂತು ಅವಳ ಮುಖ ನೋಡುತ್ತಿದ್ದೆ. ಒಂದು ದಿನ ಅವಳು ಗೆರೆ ನೋಡಿ, ಸೆರಗಿನಿಂದ ಮೂಗೊರೆಸಿಕೊಂಡು, "ಇಳದೈತೋ ತಮ್ಮಾ, ಇಳದೈತಿ" ಎಂದಳು. ಆ ದಿನ ನಾನು ಕಾಲೇಜಿಗೆ ಹೋಗಲಿಲ್ಲ.

ಆ ಮಧ್ಯಾಹ್ನ ಕಾಕಾ ಮಂಚದ ಮೇಲೆ ಒರಗಿಕೊಂಡು, ನನ್ನನ್ನು ಹತ್ತಿರ ಕರೆದು, ಮೆಲ್ಲಗೆ ಹೇಳಿದರು. "ನೀ ಬರೂಕಿಂತ ಮೊದಲ ಒಂದು ಹಬ್ಬದಾಗ ಬಾಜೂ ಮನಿ ಕೂಸು ಬಂದು ಕಾಲು ಹಿಡಕೊಂಡು ಕುಂತಿತ್ತಂತ. ನಾ ಪೇಪರ್ ಓದಾಕತ್ತಿದ್ದೆ. ಮುಟ್ಟಿದ್ದ ತಿಳೀಲಿಲ್ಲ. ಆಶೀರ್ವಾದ ಮಾಡಲಿಲ್ಲ. ಅಳಕೋತ ಹೋತಂತ ಅದು." ಹೊದಿಕೆ ಎಳೆದು ಕಾಲು ಮುಚ್ಚಿಕೊಂಡರು. "ತಿಳಿಯಂಗಿಲ್ಲ ಅಂತ ಹ್ಯಾಂಗ ಹೇಳೂದೋ? ಪರವಾನಗಿ ಇಲ್ಲ ಅನ್ನೂದು ಸರಳ ಇತ್ತು."

ಕಾಲು ಉಳಿಯಿತು. ಮಂಡಳಿ ಮಾತ್ರ ಇನ್ನೂ ಬಂದಿಲ್ಲ. ಅರ್ಜಿ ಹೋಗುತ್ತಲೇ ಇದೆ. ಈಗ ಕಾಕಾ ಎಲ್ಲಿ ಹೆಜ್ಜೆ ಇಡಬೇಕಾದರೂ ಅಲ್ಲಿ ಮೊದಲು ಕಾಕುವಿನ ಪಾದ ಬೀಳುತ್ತದೆ. ಕೆರೆಯ ದಂಡೆಗೆ ತಿರುಗಾಡಲು ಹೋದರೆ ಅವಳು ಬರಿಗಾಲಲ್ಲಿ ಮುಂದೆ, ಚಪ್ಪಲಿ ಕಟ್ಟಿಸಿಕೊಂಡ ಇವರು ಹಿಂದೆ. ಬಚ್ಚಲಲ್ಲಿ ಅವಳು ನೀರಿಗೆ ಕಾಲಿಟ್ಟು ಬಿಸಿ ನೋಡುವವರೆಗೆ ಇವರು ಗೋಡೆ ಹಿಡಿದು, ಒಂದು ಕಾಲು ಎತ್ತಿಕೊಂಡು, ಕೊಕ್ಕರೆಯಂತೆ ಕಾಯುತ್ತಾರೆ.

"ಪರವಾನಗಿ ಐತೇನ?"

"ಐತ್ರಿ. ಇಡ್ರಿ."

ಬಿ.ಎ. ಪಾಸಾದ ದಿನ ಪೇಢೆ ತೆಗೆದುಕೊಂಡು ಬಂದೆ. ಕಾಕಾ ಕುರ್ಚಿಯಲ್ಲಿ ಕುಳಿತು ಬೀದಿ ನೋಡುತ್ತಿದ್ದರು. ನಾನು ಏನೂ ಕೇಳದೆ ಬಗ್ಗಿ ಅವರ ಎರಡೂ ಪಾದಗಳ ಮೇಲೆ ಕೈಯಿಟ್ಟೆ. ಅವರು ಬೀದಿ ನೋಡುತ್ತಲೇ ಇದ್ದರು. ನಾನು ಕೈ ತೆಗೆಯಲಿಲ್ಲ.

ಕಾಕು ಅವರ ಹಿಂದೆ ಬಂದು ನಿಂತು, ಹೆಗಲ ಮೇಲೆ ಕೈಯಿಟ್ಟು ಹೇಳಿದಳು:

"ಮುಟ್ಟ್ಯಾನ್ರಿ."

ಕಾಕಾನ ಕೈ ತಡವರಿಸುತ್ತ ನನ್ನ ತಲೆ ಹುಡುಕಿಕೊಂಡು ಬಂತು.