ಸಾಹೇಬರು ಎದ್ದರೆ ಕಂಪ್ಯೂಟರೂ ಏಳುತ್ತದೆ

ಪರವಾನಗಿ ಕಚೇರಿಯಲ್ಲಿ ಅಧಿಕಾರಿಯ ದರ್ಜೆಯನ್ನು ಬಾಗಿಲಿನಿಂದ ಅವರ ಕುರ್ಚಿಗಿರುವ ದೂರದಿಂದ ನಿರ್ಧರಿಸಲಾಗುತ್ತದೆ. ಬಾಗಿಲ ಪಕ್ಕ ಕೂತವರು ಕಿರಿಯರು. ಗಾಳಿ, ಧೂಳು, ಸಾರ್ವಜನಿಕರು ಎಲ್ಲವೂ ಮೊದಲು ಅವರಿಗೇ ತಾಗುತ್ತವೆ. ಎದುರಿನ ಗೋಡೆಗೆ ಒರಗಿ ಕೂತವರು ಹಿರಿಯರು. ಬಡ್ತಿ ಸಿಕ್ಕವರಿಗೆ ಸಂಬಳ ಏರುವುದು ಆಮೇಲೆ, ಕುರ್ಚಿ ಹಿಂದಕ್ಕೆ ಸರಿಯುವುದು ಮೊದಲು. ಯಾರೂ ತಪ್ಪಿ ಮೇಲಿನ ದರ್ಜೆಗೆ ಹೋಗದಿರಲೆಂದು ಪ್ರತಿ ಕುರ್ಚಿಯ ಕಾಲುಗಳ ಸುತ್ತ ನೆಲದ ಮೇಲೆ ಬಿಳಿ ಬಣ್ಣದ ಗುರುತು ಹಾಕಲಾಗಿದೆ.

ಈಗಿನ ಸಾಹೇಬರು ತಮ್ಮ ನೌಕರಿಯನ್ನೆಲ್ಲ ಆ ಒಂದೇ ಕೋಣೆಯಲ್ಲಿ ಹಿಂದೆ ಹಿಂದೆ ಸರಿಯುತ್ತ ಸವೆಸಿ, ಕಡೆಗೆ ಗೋಡೆ ಮುಟ್ಟಿದರು. ಅವರು ಗೋಡೆ ಮುಟ್ಟಿದ ದಿನವೇ ಕಂಪ್ಯೂಟರ್ ಕೈಕೊಟ್ಟಿತು.

ಎರಡಕ್ಕೂ ಸಂಬಂಧವಿತ್ತು. ಗೋಡೆಯ ಬುಡದಲ್ಲಿ ನೆಟ್ ವೈರ್ ಹಾದುಹೋಗಿತ್ತು. ಕುರ್ಚಿಯ ಹಿಂಗಾಲು ಸರಿಯಾಗಿ ಅದರ ಮೇಲೆ ನಿಂತಿತ್ತು. ಸಾಹೇಬರ ತೂಕವೂ ಹುದ್ದೆಗೆ ತಕ್ಕಂತೆ ಇತ್ತು. ಅವರು ಕೂತರೆ ನೆಟ್ ಹೋಗುತ್ತಿತ್ತು, ಎದ್ದರೆ ಬರುತ್ತಿತ್ತು. ಇದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸಾಹೇಬರಿಗೂ ಗೊತ್ತಿತ್ತು.

ಹಾಗೆಂದು ಕೆಲಸವೇನೂ ಪೂರ್ತಿ ನಿಂತಿರಲಿಲ್ಲ. ಸಾಹೇಬರಿಗೆ ಸಕ್ಕರೆ ಕಾಯಿಲೆ ಇದ್ದುದರಿಂದ ಆಗಾಗ ಎದ್ದು ಹೋಗಿ ಬರುತ್ತಿದ್ದರು. ಆ ಅವಧಿಯಲ್ಲಿ ಒಂದಿಷ್ಟು ಪರವಾನಗಿಗಳು ಹೊರಬೀಳುತ್ತಿದ್ದವು. ಕಂಪ್ಯೂಟರಿನ ಮುಂದೆ ಕೂರುವ ಗುಮಾಸ್ತೆ ಸಾಹೇಬರ ಮೇಜಿನ ಮೇಲಿನ ನೀರಿನ ಲೋಟ ಖಾಲಿಯಾಗಲು ಬಿಡುತ್ತಿರಲಿಲ್ಲ. ಸಾಹೇಬರು ಇದನ್ನು ಗೌರವ ಎಂದು ತಿಳಿದಿದ್ದರು.

ಗೋಡೆಯ ಮೇಲೆ ಕೇಂದ್ರ ಕಚೇರಿಯವರು ಕಳಿಸಿದ ‘ಕಂಪ್ಯೂಟರ್ ತೊಂದರೆಗಳಿಗೆ ಸರಳ ಸಲಹೆಗಳು’ ಎಂಬ ಹಾಳೆಯೂ ಇತ್ತು. ಮೊದಲ ಸಲಹೆ: ಆಫ್ ಮಾಡಿ, ಆನ್ ಮಾಡಿ. ಎರಡನೆಯದು: ವೈರ್ ನೋಡಿ. ಮೂರನೆಯದು: ಗಾಬರಿಯಾಗಬೇಡಿ. ಸಿಬ್ಬಂದಿ ಮೂರನ್ನೂ ಚಾಚೂ ತಪ್ಪದೆ ಪಾಲಿಸುತ್ತಿದ್ದರು. ದಿನಾ ಬೆಳಿಗ್ಗೆ ಎಲ್ಲರೂ ಸಾಲಾಗಿ ಬಂದು, ಬಗ್ಗಿ, ಕುರ್ಚಿಯ ಕಾಲಡಿಯ ವೈರನ್ನು ನೋಡಿ ಹೋಗುತ್ತಿದ್ದರು. ನೋಡಿದ ಮೇಲೆ ಏನು ಮಾಡಬೇಕೆಂದು ಹಾಳೆಯಲ್ಲಿ ಇರಲಿಲ್ಲ. ಯಾರೂ ಗಾಬರಿಯಾಗಲಿಲ್ಲ.

ಹೀಗಿರುವಾಗ ಒಂದು ದಿನ ಹೊಸದಾಗಿ ಬೇಕರಿ ತೆರೆಯಲಿದ್ದ ಹೆಂಗಸು ತನ್ನ ಅತ್ತೆಯನ್ನು ಕರೆದುಕೊಂಡು ಬಂದಳು. ಇಬ್ಬರ ಮೊಣಕೈವರೆಗೂ ಹಿಟ್ಟು ಮೆತ್ತಿತ್ತು.

“ಸರ್, ಇವತ್ತು ಬೆಳಿಗ್ಗೆ ಬನ್ನಿ, ಪರವಾನಗಿ ಕೈಗೇ ಕೊಡ್ತೀವಿ ಅಂದಿದ್ರಿ. ನಿಮ್ಮ ಮಾತು ನಂಬಿ ಹಿಟ್ಟು ನಾದಿಟ್ಟು ಬಂದಿದೀವಿ.”

“ನೆಟ್ ಇಲ್ಲಮ್ಮ,” ಎಂದರು ಸಾಹೇಬರು.

“ಯಾವಾಗ ಬರುತ್ತೆ ಸರ್?”

ಸಾಹೇಬರು ಪ್ರಾಮಾಣಿಕವಾಗಿ ಯೋಚಿಸಿದರು. “ಹೇಳೋದು ಕಷ್ಟ. ಈಗ ತಾನೇ ಹೋಗಿ ಬಂದೆ.”

ಬೇಕರಿಯಾಕೆಗೆ ಅರ್ಥವಾಗಲಿಲ್ಲ. ಗುಮಾಸ್ತೆ ಎದ್ದು ಬಂದು ಲೋಟಕ್ಕೆ ನೀರು ಸುರಿದಳು.

ಅತ್ತೆ ಮುಂದೆ ಬಂದರು. “ಸ್ವಾಮಿ, ಹಿಟ್ಟಿಗೆ ನಿಮ್ಮ ನೆಟ್ಟು ಗಿಟ್ಟು ಗೊತ್ತಾಗಲ್ಲ. ಅದರ ಪಾಡಿಗೆ ಉಬ್ಬುತ್ತಾ ಇರುತ್ತೆ. ಮಧ್ಯಾಹ್ನದೊಳಗೆ ಒಲೆಗೆ ಹೋಗದಿದ್ರೆ ಅಷ್ಟೂ ಚರಂಡಿಗೆ. ನನ್ನ ಬಳೆ ಮಾರಿ ತಂದ ಹಿಟ್ಟು ಅದು. ಪರವಾನಗಿ ಇಲ್ದೆ ಒಲೆ ಹಚ್ಚಿದ್ರೆ ನೀವೇ ಬಂದು ಬೀಗ ಜಡೀತೀರಿ.”

“ಜಡೀತೀವಿ,” ಎಂದು ಸಾಹೇಬರು ಒಪ್ಪಿಕೊಂಡರು.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ಕೋಣೆಯನ್ನೊಮ್ಮೆ ನೋಡಿದರು. ಆಮೇಲೆ ಬಗ್ಗಿ ನೋಡಿದರು. “ಅಯ್ಯೋ, ಕುರ್ಚಿ ವೈರ್ ಮೇಲೆ ಕೂತಿದೆಯಲ್ರೀ!”

“ಹೌದು,” ಎಂದಿತು ಇಡೀ ಕಚೇರಿ.

“ಮತ್ತೆ ಒಂಚೂರು ಮುಂದಕ್ಕೆ ಎಳೀರಿ.”

ಗುಮಾಸ್ತೆ ಮೆಲ್ಲಗೆ ಹೇಳಿದಳು: “ಅಜ್ಜಿ, ಒಂದು ಗೇಣು ಮುಂದಕ್ಕೆ ಬಂದ್ರೆ ಸಾಹೇಬರು ಸಹಾಯಕ ಅಧಿಕಾರಿ ಆಗ್ಬಿಡ್ತಾರೆ.”

“ಇನ್ನೊಂದು ಗೇಣು ಬಂದ್ರೆ?”

“ನಾನಾಗ್ತಾರೆ.”

“ಹಾಗಾದ್ರೆ ವೈರಾದ್ರೂ ಸರಿಸಿ.”

“ವೈರು ಸಂಪರ್ಕ ವಿಭಾಗದ್ದು,” ಎಂದರು ಸಾಹೇಬರು. “ನೆಲ ಕಟ್ಟಡ ವಿಭಾಗದ್ದು. ನಮ್ಮದು ಅಂತ ಇರೋದು ಈ ಕುರ್ಚಿ ಒಂದೇ.” ಆ ಕುರ್ಚಿಗಾಗಿ ಅವರು ಕೂದಲು ಕಳೆದುಕೊಂಡಿದ್ದರು.

“ಮಾರಾಯರೇ, ನೀವು ಎದ್ದು ನಿಂತ್ರೆ ಸಾಕಲ್ಲ!”

“ಎದ್ದು ನಿಲ್ಲೋಕೆ ಯಾರು ಬಂದಿದಾರೆ?”

ಪ್ರಶ್ನೆ ನ್ಯಾಯವಾದದ್ದೇ. ನಿಯಮದ ಪ್ರಕಾರ ಹಿರಿಯ ಅಧಿಕಾರಿ ಕೆಲಸದ ವೇಳೆಯಲ್ಲಿ, ಶೌಚಕ್ಕೆ ಹೋಗುವುದನ್ನು ಬಿಟ್ಟರೆ, ಎದ್ದು ನಿಲ್ಲಬಹುದಾದ ಸಂದರ್ಭಗಳು ಮೂರೇ: ಮೇಲಧಿಕಾರಿಯ ಆಗಮನ, ಬೆಂಕಿ ಅನಾಹುತ, ಮೌನಾಚರಣೆ. ಸಾರ್ವಜನಿಕರ ಮುಂದೆ ಸುಮ್ಮನೆ ಎದ್ದು ನಿಂತರೆ ಕಚೇರಿಯ ಘನತೆಗೆ ಕುಂದು.

ಗುಮಾಸ್ತೆ ಗಂಟಲು ಸರಿಮಾಡಿಕೊಂಡಳು. “ಸರ್, ಮೌನಾಚರಣೆ ಮಾಡಬಹುದು.”

“ಯಾರಾದ್ರೂ ತೀರಿಕೊಂಡಿದಾರಾ?”

“ಇನ್ನೊಂದು ಗಂಟೆ ಬಿಟ್ರೆ ನಮ್ಮ ಹಿಟ್ಟು,” ಎಂದರು ಅತ್ತೆ.

ಸಾಹೇಬರು ನಿಯಮದ ಪುಸ್ತಕ ತೆರೆದು ನೋಡಿದರು. ಸಾವು ಮನುಷ್ಯನದೇ ಆಗಿರಬೇಕೆಂದಾಗಲಿ, ಆಗಲೇ ಸಂಭವಿಸಿರಬೇಕೆಂದಾಗಲಿ ಅದರಲ್ಲಿ ಹೇಳಿರಲಿಲ್ಲ. ಅವರು ಪುಸ್ತಕ ಮುಚ್ಚಿ, ಮೇಜಿಗೆ ಕೈಯೂರಿ, ನಿಧಾನವಾಗಿ ಎದ್ದು ನಿಂತು ತಲೆ ತಗ್ಗಿಸಿದರು. ಕಚೇರಿಯೆಲ್ಲ ತಲೆ ತಗ್ಗಿಸಿತು. ಬೇಕರಿಯಾಕೆಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಹೋಯಿತು. ನೋಡಿದವರು ಅವಳು ಅಳುತ್ತಿದ್ದಾಳೆಂದು ತಿಳಿದರು. ಗುಮಾಸ್ತೆ ಮಾತ್ರ ಕೂತಲ್ಲೇ, ದುಃಖದಿಂದ, ಎರಡೂ ಕೈಯಲ್ಲಿ ಟೈಪ್ ಮಾಡುತ್ತಿದ್ದಳು.

ಪ್ರಿಂಟರ್ ಗೊರಗುಟ್ಟಿತು. ಪರವಾನಗಿ ಬಂತು. ಅತ್ತೆ ಸೊಸೆ ಅದನ್ನು ಕಸಿದುಕೊಂಡು ಓಡಿದರು. ಮೌನ ಮುಗಿಯಿತೆಂದು ಯಾರೂ ಹೇಳದ ಕಾರಣ ಸಾಹೇಬರು ನಿಂತೇ ಇದ್ದರು. ಸಾಲಿನಲ್ಲಿದ್ದ ಉಳಿದವರ ಕೆಲಸವೂ ಆಯಿತು.

ಮರುದಿನದಿಂದ ದಿನಾ ಮೌನಾಚರಣೆ ನಡೆಯಿತು. ಸಾರ್ವಜನಿಕರು ತಮ್ಮ ತಮ್ಮ ದುಃಖಗಳನ್ನು ತರತೊಡಗಿದರು: ಬಾಡಿದ ಸೊಪ್ಪು, ಕೆಟ್ಟ ಪಂಪು, ಮುರಿದ ಸಂಬಂಧ. ಕಡತಗಳು ಕರಗಿದವು. ಕೇಂದ್ರ ಕಚೇರಿಯವರು ಬೆರಗಾಗಿ ವರದಿ ತರಿಸಿಕೊಂಡು, ಎಲ್ಲ ಕಚೇರಿಗಳಿಗೂ ಸುತ್ತೋಲೆ ಹೊರಡಿಸಿದರು:

‘ಸರಳ ಸಲಹೆ ನಾಲ್ಕು: ಕಂಪ್ಯೂಟರ್ ಸ್ಥಗಿತಗೊಂಡಲ್ಲಿ ಹಿರಿಯ ಅಧಿಕಾರಿಯು ಎದ್ದು ನಿಂತು ತಲೆ ತಗ್ಗಿಸತಕ್ಕದ್ದು. ಅಧಿಕಾರಿ ರಜೆಯಲ್ಲಿದ್ದರೆ ತಮ್ಮ ಮನೆಯಲ್ಲಿಯೇ ನಿಲ್ಲತಕ್ಕದ್ದು.’

ಬೇರೆ ಕಚೇರಿಗಳಲ್ಲಿ ಕುರ್ಚಿಯಡಿ ವೈರ್ ಇರಲಿಲ್ಲ. ಆದರೂ ಸಲಹೆ ಫಲ ಕೊಟ್ಟಿತು. ನಿಂತ ಅಧಿಕಾರಿಗೆ ಕೆಲಸ ಬೇಗ ಮುಗಿದರೆ ಸಾಕೆನಿಸುತ್ತಿತ್ತು. ಕಾಲು ನೋಯುವವರು ಅರ್ಜಿಗಳಿಗೆ ಆಕ್ಷೇಪಣೆ ಎತ್ತುವುದನ್ನೇ ಬಿಟ್ಟರು.

ಇಷ್ಟರಲ್ಲಿ ಸಂಪರ್ಕ ವಿಭಾಗದಿಂದ ಒಬ್ಬ ಬಂದು ವೈರನ್ನು ಪಕ್ಕಕ್ಕೆ ಸರಿಸಲು ಕೈ ಚಾಚಿದ. ಇಡೀ ಸಿಬ್ಬಂದಿ ಅವನ ಮೇಲೆ ಬಿದ್ದರು. ವೈರ್ ಸರಿದರೆ ಸುತ್ತೋಲೆಯ ಉಲ್ಲಂಘನೆಯಾಗುವುದೆಂದು ವಿವರಿಸಿದರು. ಅವನು ಕ್ಷಮೆ ಕೇಳಿ ಹೋದ. ಈಗ ವೈರಿನ ಸುತ್ತ ಪುಟ್ಟ ಕಟಕಟೆ ಕಟ್ಟಿಸಲಾಗಿದೆ.

ಒಂದು ಸಂಜೆ ಸಾಹೇಬರು ಕಾಲೆಳೆಯುತ್ತ ಬೇಕರಿಗೆ ಬಂದರು. ಅಂಗಡಿ ತುಂಬ ಜನ. ಅತ್ತೆ ಅವರನ್ನು ಕಂಡವರೇ ಒಳಗಿನಿಂದ ಕುರ್ಚಿ ತಂದು ಹಾಕಿ, ಸಕ್ಕರೆಯಿಲ್ಲದ ಬನ್ನು ಕೈಗಿತ್ತರು. ಸಾಹೇಬರು ಕುರ್ಚಿಯ ನಾಲ್ಕೂ ಕಾಲುಗಳನ್ನು ಬಗ್ಗಿ ನೋಡಿದರು. ಕೆಳಗೆ ಏನೂ ಇರಲಿಲ್ಲ. ಕೂತರು. ಎಷ್ಟೋ ದಿನಗಳ ಮೇಲೆ ಕೂತ ಸುಖಕ್ಕೆ ಅವರ ಕಣ್ಣು ತಾನಾಗಿ ಮುಚ್ಚಿತು.

ಅಷ್ಟರಲ್ಲಿ ಗಲ್ಲಾದ ಮೇಲಿದ್ದ ಕಾರ್ಡ್ ಮಷಿನ್ ನಿಂತಿತು. ಬೇಕರಿಯಾಕೆ ಅದನ್ನು ತಟ್ಟಿದಳು, ಆಫ್ ಮಾಡಿದಳು, ಆನ್ ಮಾಡಿದಳು, ವೈರ್ ನೋಡಿದಳು. ಗಾಬರಿಯಾಗಲಿಲ್ಲ. ಕತ್ತು ತಿರುಗಿಸಿ ಸಾಹೇಬರನ್ನು ನೋಡಿದಳು. ಅತ್ತೆಯೂ ನೋಡಿದರು. ಸಾಲಿನಲ್ಲಿದ್ದವರೆಲ್ಲ ನೋಡಿದರು.

ಸಾಹೇಬರು ಕಣ್ಣು ತೆರೆದರು. ಎದ್ದು, ಬನ್ನನ್ನು ಎದೆಗೊತ್ತಿಕೊಂಡು ತಲೆ ತಗ್ಗಿಸಿದರು.

ಮಷಿನ್ ಕೀ ಎಂದಿತು. ಚೀಟಿ ಹೊರಬಂತು. ಯಾರಿಗೂ ಆಶ್ಚರ್ಯವಾಗಲಿಲ್ಲ.

“ಕೂತ್ಕೋಬೇಡಿ ಸರ್,” ಎಂದಳು ಬೇಕರಿಯಾಕೆ, “ಇನ್ನೂ ಜನ ಇದಾರೆ.”

“ಗೊತ್ತಮ್ಮ,” ಎಂದು ಸಾಹೇಬರು ನಿಂತೇ ಬನ್ನು ತಿಂದರು.