ಮುಚ್ಚಳ ತಂದೀ, ಒಡಪು ಎಲ್ಲಿ?

ಮಕ್ಕಳೇ, ಬ್ಯಾಂಕಿನ ಕೆಲಸ ಮಾಡುವಾಗ ನಿಮ್ಮ ಕಂಪ್ಯೂಟರು ಪಾಸ್‌ವರ್ಡ್ ಕೇಳುತ್ತದೆ. ಕೊಟ್ಟರೂ ಅದಕ್ಕೆ ನಂಬಿಕೆಯಿಲ್ಲ. ಮೊಬೈಲಿಗೆ ಒಂದು ನಂಬರು ಕಳಿಸಿ ಅದನ್ನೂ ಕೇಳುತ್ತದೆ. "ಇದು ಹೊಸಾದು ಅಜ್ಜಿ, ನಿನಗ ತಿಳಿಯಂಗಿಲ್ಲ" ಎಂದು ನಗುತ್ತೀರಿ. ಹೊಸದೇ? ಇದನ್ನು ಕಂಡುಹಿಡಿದವರು ಕಮಲಾಪುರದ ನಮ್ಮ ದೊಡ್ಡತ್ತೆ, ಅಂದರೆ ನಿಮ್ಮ ಅಜ್ಜನ ದೊಡ್ಡವ್ವ! ಓದು ಸೊನ್ನೆ. ಅನುಮಾನದಲ್ಲಿ ಮಾತ್ರ ಎಂ.ಎ.!

ಒಮ್ಮೆ ಯಾರೋ ಒಬ್ಬ, "ನಾನು ನಿಮ್ಮ ಅಳಿಯನ ಕಾಕಾನ ಮಗ" ಎಂದು ಬಂದು, ಹೋಳಿಗೆ ಉಂಡು, ಒಂದು ಗೊನೆ ಕೆಂಪು ಬಾಳೆಹಣ್ಣು ಹೊತ್ತುಕೊಂಡು ಹೋದನಂತೆ. ಆಮೇಲೆ ವಿಚಾರಿಸಿದರೆ ಅಳಿಯನಿಗೆ ಕಾಕಾನೇ ಇಲ್ಲ! ಅಂದಿನಿಂದ ಅವರ ಬಾಗಿಲಿಗೆ ಹಗಲಲ್ಲೂ ಚಿಲಕ. ನೆಂಟರ ಮನೆಮನೆಗೂ ಒಂದೊಂದು ಸ್ಟೀಲ್ ಡಬ್ಬಿಯ ಮುಚ್ಚಳ ಹಂಚಿದರು, ಡಬ್ಬಿಗಳನ್ನು ತಾವಿಟ್ಟುಕೊಂಡರು. ಹೋದವರು ಕಿಟಕಿಯಲ್ಲಿ ಮುಚ್ಚಳ ಕೊಡಬೇಕು. ಅದು ಆ ಮನೆಯ ಡಬ್ಬಿಗೆ ಟಪ್ ಎಂದು ಕೂಡಬೇಕು.

ಅಷ್ಟಕ್ಕೇ ಮುಗಿಯಿತೆ? ಮುಚ್ಚಳ ಕಳುವಾಗಬಹುದಲ್ಲ! ಅದಕ್ಕೇ ಮೇಲೊಂದು ಒಡಪು. ಮದುವೆಯಲ್ಲಿ ಗಂಡನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಹೇಳುತ್ತಾರಲ್ಲ, ಅದು. ನನಗೋ ಬಾಯೇ ಇಲ್ಲ. ಊರ ಶಾಲೆಯಲ್ಲಿ ಹಾಜರಿ ಕೂಗಿದಾಗಲೂ ಕೈ ಎತ್ತಿದ್ದೇ ಹೊರತು ದನಿ ಎತ್ತಿದವಳಲ್ಲ. ಅಂಥವಳು ಬೀದಿಯಲ್ಲಿ ನಿಂತು ಗಂಡನ ಹೆಸರು ಹೇಳಬೇಕು! ಕಲಬುರಗಿಯಿಂದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಟ್ಟಿದೆ:

"ಕೆಂಪು ಬಾಳಿಹಣ್ಣು ತಿಂದ್ರ ಬಾಯೆಲ್ಲಾ ಸಿಹಿ,
ಗುರುನಾಥರಾಯರ ಹೆಸರಿಗೆ ಹಾಕೀನಿ ಸಹಿ."

ಬಾಗಿಲು ತೆರೆಯಿತು. ಹೆಮ್ಮೆಯಿಂದ ಮುಂದಿನ ಸಲವೂ ಅದನ್ನೇ ಹೇಳಿದೆ. "ಅದು ಹೋದ ಸಲದ್ದು. ಓಣಿ ಮಂದಿ ಎಲ್ಲಾ ಕೇಳ್ಯಾರ. ಹಳಸಿದ್ದು ನಡಿಯಂಗಿಲ್ಲ, ತಾಜಾ ಹೇಳು!" ನಿಮ್ಮ ಮೊಬೈಲಿನ ನಂಬರೂ ಒಂದು ಸಲಕ್ಕೇ ಅಲ್ಲವೆ?

ನಿಮ್ಮ ಅಜ್ಜನಿಗೂ ರಿಯಾಯಿತಿ ಇರಲಿಲ್ಲ.

"ದೊಡ್ಡವ್ವ, ನಾನು. ಮುಖ ಕಾಣವಲ್ದೇನು?"

"ಮುಖ ಯಾರ ಬೇಕಾದ್ರೂ ಹೊತ್ಕೊಂಡು ಬರ್ತಾರ. ಮುಚ್ಚಳ ತಂದೀ, ಒಡಪು ಎಲ್ಲಿ?"

ಕಮಲಾಪುರದ ಬಿಸಿಲು! ಚಪ್ಪಲಿ ಬೇರೆ ಕಟ್ಟೆಯ ಕೆಳಗೆ ಬಿಟ್ಟಿದ್ದರು. ಕೊನೆಗೆ ಓಣಿಗೆಲ್ಲ ಕೇಳುವಂತೆ ಕೂಗಿದರಂತೆ: "ಬಿಸಲಾಗ ನಿಂತು ಸುಟ್ಟಾವು ಕಾಲು, ಶಾಂತಾನ ಹೆಸರು ಹೇಳೀನಿ ತೆಗಿ ಬಾಗಿಲು!" ಆಮೇಲೆ ಆ ಓಣಿಯಲ್ಲಿ ನಾನು ವರ್ಷಗಟ್ಟಲೆ ತಲೆ ತಗ್ಗಿಸಿಯೇ ನಡೆದೆ.

ಪಕ್ಕದ ಮನೆಯಾಕೆ ಒಮ್ಮೆ ನಮ್ಮ ಮುಚ್ಚಳ ಹಿಡಿದು ಹಣ್ಣು ತರಲು ಹೋದಳು. ಮುಚ್ಚಳ ಕೂಡಿತು, ಒಡಪಿನಲ್ಲಿ ತನ್ನ ಗಂಡನ ಹೆಸರು ಹೇಳಿಬಿಟ್ಟಳು! ಬರಿಗೈಯಲ್ಲಿ ಬಂದಳು. ಒಂದು ಕೈಯಲ್ಲಿರಬೇಕು, ಒಂದು ತಲೆಯಲ್ಲಿರಬೇಕು. ಎರಡೂ ಕೂಡಿದರೇ ನೀವು ನೀವು. ಇನ್ನೊಂದು ಮಾತು: ದೊಡ್ಡತ್ತೆ ತಮ್ಮ ಬಾಗಿಲಲ್ಲಷ್ಟೇ ಒಡಪು ಕೇಳುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ, "ನಿಮ್ಮ ದೊಡ್ಡತ್ತೆ ಕೇಳ್ಯಾರ, ನನಗ ಹೇಳ್ರಿ" ಅಂದರೆ ಹೇಳುತ್ತೀರಾ? ಮೊಬೈಲಿಗೆ ಬರುವ ಆ ನಂಬರನ್ನು ಫೋನಿನಲ್ಲಿ ಕೇಳಿದವರಿಗೂ ಹಾಗೇ, ಹೇಳಬೇಡಿ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನನಗೆ ಯಾರೂ ಒಡಪು ಹೇಳು ಅನ್ನಲಿಲ್ಲ. ಮದುವೆ ಮನೆಗಳಲ್ಲಿ ಹೆಂಗಸರು ಸಾಲಾಗಿ ಹೇಳುತ್ತಾ ಬಂದು, ನನ್ನ ಹತ್ತಿರ ಬಂದಾಗ ಮೆಲ್ಲಗೆ ದಾಟಿ ಹೋಗುತ್ತಿದ್ದರು. ನಿಮ್ಮ ಅಜ್ಜನ ಹೆಸರನ್ನು ನನ್ನ ಎದುರು ಎತ್ತುವುದನ್ನೇ ಎಲ್ಲರೂ ಬಿಟ್ಟರು. ನಾನಂತೂ ಮೊದಲೇ ಮೂಕಿ. ಇನ್ನು ಆ ಮನೆಗೆ ನಾನು ಯಾರು ಎಂದುಕೊಂಡು, ಮುಚ್ಚಳ ಹಿಂತಿರುಗಿಸಲು ಕಮಲಾಪುರಕ್ಕೆ ಹೋದೆ.

"ಯಾರದು?"

"ನಾನ್ರೀ, ದೊಡ್ಡತ್ತಿ. ಮುಚ್ಚಳ ಕೊಟ್ಟು ಹೋಗಾಕ ಬಂದೀನಿ."

ಒಳಗೆ ಟಪ್ ಎಂಬ ಸದ್ದಾಯಿತು. ಚಿಲಕ ಮಾತ್ರ ಸರಿಯಲಿಲ್ಲ.

"ಒಡಪು ಹೇಳು."

ಎದುರು ಮನೆಯ ಮುದುಕಿ ಹೌಹಾರಿದಳು. "ಅಯ್ಯ ಯವ್ವಾ, ಆಕಿಗೇನ್ ಕೇಳ್ತೀ? ಆಕಿ ಗಂಡ ಹೋಗ್ಯಾನ!"

"ಅಂವ ಹೋಗ್ಯಾನ. ಅವನ ಹೆಸರ್ಯಾಕ ಹೋಗ್ತದ?" ದೊಡ್ಡತ್ತೆಯ ದನಿ ಎಂದಿನಷ್ಟೇ ಗಡುಸು. "ಹೇಳು ಶಾಂತಾ, ನನಗೂ ಕೇಳಿ ಬಾಳ ದಿನ ಆತು."

ನಾನು ಬಾಯಿ ತೆರೆದೆ. ಬಾಳೆ, ಬಿಸಿಲು, ಬಾಗಿಲು, ಯಾವುದೂ ಕೂಡಿಬರಲಿಲ್ಲ. ಬಂದದ್ದು "ಗುರುನಾಥರಾಯರು" ಎಂಬುದೊಂದೇ. ಅದೂ ಓಣಿಗೆಲ್ಲ ಕೇಳುವಷ್ಟು ಜೋರಾಗಿ.

ಬಾಗಿಲು ತೆರೆಯಿತು. ದೊಡ್ಡತ್ತೆ ಸೆರಗಿನಿಂದ ಮೊದಲು ನನ್ನ ಕಣ್ಣು, ಆಮೇಲೆ ತಮ್ಮ ಕಣ್ಣು ಒರೆಸಿದರು. ಮುಚ್ಚಳವನ್ನು ತಿರುಗಿ ನನ್ನ ಕೈಗೇ ತುರುಕಿ ಅಂದರು:

"ಪ್ರಾಸ ಕೂಡಲಿಲ್ಲ. ಮುಂದಿನ ಸಲ ಛಂದಂಗ ಕಟ್ಕೊಂಡು ಬಾ."